ಸಂಗೀತಗಾರನ ತಾಯ್ನಾಡು

ಜರ್ಮನಿಯ ಬೈರೋಯ್ತ್ ನಗರದ ಶ್ಮಶಾನದಲ್ಲಿ ಒಂದು ಸಮಾಧಿಮಂದಿರವಿದೆ. ಅಲ್ಲಿ ಚಿರನಿದ್ರೆಯಲ್ಲಿರುವ ಸಂಗೀತಗಾರನನ್ನು ಜರ್ಮನರು ಫ್ರಾಂಟ್ಸ್ ಲಿಸ್ಟ್ ಎಂದು ಕರೆಯುತ್ತಾರೆ. ಫ್ರೆಂಚರಿಗೆ ಅವನು ಫ್ರಾಂಸ್ವಾ. ಮನೆತನದ ಹೆಸರನ್ನು ಮೊದಲು ಹೇಳುವ ಹಂಗೇರಿಯ ಜನರು ಲಿಸ್ಟ್ ಫೆರೆಂಟ್ಸ್ ಎಂದು ಕರೆದು, ಅವನು ತಮ್ಮವನೆಂದು ಹೆಮ್ಮೆಪಡುತ್ತಾರೆ. ಅವನು ಹುಟ್ಟಿದ ಹಳ್ಳಿಯಾದರೋ ಇಂದು ಆಸ್ಟ್ರಿಯ ದೇಶದಲ್ಲಿದೆ. ಹಾಗಾದರೆ ಈತನು ಯಾವ ನಾಡಿನವನು? ಈ ಪ್ರಶ್ನೆ ಅವನು ಬದುಕಿದ್ದಾಗಲೇ ಹುಟ್ಟಿ, ಅವನು ತೀರಿಕೊಂಡ ಮೇಲೂ ಬಹುಕಾಲ ಚರ್ಚೆಗೆ ಗುರಿಯಾಯಿತು.

ಲಿಸ್ಟ್ 1811ನೆಯ ಇಸವಿ ಅಕ್ಟೋಬರ್ 22ರಂದು ರೈಡಿಂಗ್ ಎಂಬ ಹಳ್ಳಿಯಲ್ಲಿ ಜನಿಸಿದನು. ಹಂಗೇರಿಯನ್ನರು ಅದನ್ನು ಡೊಬೋರ್ಯಾನ್ ಎನ್ನುತ್ತಿದ್ದರು. ಆಗ ಆ ಪ್ರದೇಶವು ಹಂಗೇರಿ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯವು ವಿಯೆನ್ನದ ಹಾಬ್ಸ್‌ಬರ್ಗ್ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ಒಂದನೆಯ ಮಹಾಯುದ್ಧದ ತರುವಾಯ ಗಡಿಗಳು ಬದಲಾಗಿ, 1921ರಲ್ಲಿ ಆ ಸೀಮೆಯು ಆಸ್ಟ್ರಿಯದ ಪಾಲಾಯಿತು. ಹಳ್ಳಿ ಇದ್ದಲ್ಲಿಯೇ ಇತ್ತು, ದೇಶ ಬದಲಾಯಿತು.

ತಂದೆ ಆಡಂ ಲಿಸ್ಟ್ ಎಸ್ಟರ್‌ಹಾಜಿ ಎಂಬ ಹಂಗೇರಿಯ ಸಿರಿವಂತ ಮನೆತನದ ಕುರಿಹಟ್ಟಿಗಳ ಮೇಲ್ವಿಚಾರಕನಾಗಿದ್ದನು. ಅವನ ಪೂರ್ವಿಕರು ಜರ್ಮನ್ ಭಾಷೆಯವರು. ತಾಯಿ ಅನ್ನಾ ಆಸ್ಟ್ರಿಯದ ಕ್ರೆಮ್ಸ್ ಊರಿನವಳು. ಮನೆಮಾತು ಜರ್ಮನ್. ಮನೆತನದ ಹೆಸರಿನಲ್ಲಿಯೂ ಈ ಎರಡು ನಾಡುಗಳ ಗುರುತಿದೆ. ಜರ್ಮನ್ ರೀತಿಯಲ್ಲಿ ಬರೆದ ಆ ಹೆಸರನ್ನು ಹಂಗೇರಿಯನ್ನರು ‘ಲಿಶ್ಟ್’ ಎಂದು ಓದುವ ಸಂಭವವಿತ್ತು. ಅವರೂ ಸರಿಯಾಗಿ ಉಚ್ಚರಿಸುವಂತೆ ಆಡಂ ಅದರ ನಡುವೆ ಒಂದು ಅಕ್ಷರವನ್ನು ಸೇರಿಸಿದನು. ಹೀಗೆ ಹಂಗೇರಿಯ ಬರಹದ ವೇಷವನ್ನು ತೊಟ್ಟ ಆ ಹೆಸರಿಗೆ ಹಂಗೇರಿಯ ಭಾಷೆಯಲ್ಲಿ ‘ಹಿಟ್ಟು’ ಎಂಬ ಅರ್ಥವೂ ಇದೆ.

ಬಾಲಕನ ಪ್ರತಿಭೆ ಬೇಗನೆ ಬೆಳಕಿಗೆ ಬಂದಿತು. 1820ರಲ್ಲಿ ಪೊಜೊನ್ ನಗರದಲ್ಲಿ ಅವನ ಪಿಯಾನೊ ವಾದನವನ್ನು ಕೇಳಿದ ಹಂಗೇರಿಯ ಶ್ರೀಮಂತರು ಅವನ ಶಿಕ್ಷಣಕ್ಕೆ ಧನಸಹಾಯ ಮಾಡಲು ಒಪ್ಪಿದರು. ಆ ನಗರವೂ ಇಂದು ಬ್ರಾಟಿಸ್ಲಾವ ಎಂಬ ಹೆಸರಿನಿಂದ ಸ್ಲೊವಾಕಿಯದ ರಾಜಧಾನಿಯಾಗಿದೆ. ವಿಯೆನ್ನದಲ್ಲಿ ಚೆರ್ನಿ ಎಂಬ ಗುರುವಿನಿಂದ ಪಿಯಾನೊ ವಾದನವನ್ನೂ ಸಾಲಿಯೇರಿ ಎಂಬ ವೃದ್ಧ ಸಂಗೀತಗಾರನಿಂದ ಸ್ವರಸಂಯೋಜನೆಯನ್ನೂ ಕಲಿತ ಹುಡುಗನು 1823ರಲ್ಲಿ ತಂದೆಯೊಡನೆ ಪ್ಯಾರಿಸ್ಸಿಗೆ ಹೋದನು. ಅಲ್ಲಿಯ ಪ್ರಸಿದ್ಧ ಸಂಗೀತ ವಿದ್ಯಾಲಯವು ಅವನನ್ನು ಸೇರಿಸಿಕೊಳ್ಳಲಿಲ್ಲ. ಪರದೇಶದವರಿಗೆ ಪ್ರವೇಶವಿಲ್ಲವೆಂಬ ನಿಯಮವನ್ನು ಅದರ ಮುಖ್ಯಸ್ಥನಾದ ಕೆರುಬಿನಿ ತೋರಿಸಿದನು. ಆ ಕೆರುಬಿನಿಯೇ ಇಟಲಿಯಲ್ಲಿ ಹುಟ್ಟಿದವನು! ತಾನು ಎಲ್ಲಿಯವನೆಂಬ ಪ್ರಶ್ನೆ ಲಿಸ್ಟನಿಗೆ ಎದುರಾದದ್ದು ಹೀಗೆ, ಹನ್ನೆರಡನೆಯ ವಯಸ್ಸಿನಲ್ಲಿ.

ವಿದ್ಯಾಲಯದ ಬಾಗಿಲು ಮುಚ್ಚಿದರೂ ಪ್ಯಾರಿಸ್ ನಗರವೇ ಅವನಿಗೆ ಶಾಲೆಯಾಯಿತು. ಫ್ರೆಂಚ್ ಅವನ ವ್ಯವಹಾರದ ಭಾಷೆಯಾಯಿತು. ಪತ್ರಗಳನ್ನೂ ಪುಸ್ತಕಗಳನ್ನೂ ಅವನು ಹೆಚ್ಚಾಗಿ ಆ ಭಾಷೆಯಲ್ಲಿಯೇ ಬರೆದನು. ಫ್ರಾನ್ಸಿನ ಬೆರ್ಲಿಯೋಜ್, ಪೋಲೆಂಡಿನ ಶೋಪ್ಯಾನ್ ಅವನ ಗೆಳೆಯರಾದರು. 1832ರಲ್ಲಿ ಇಟಲಿಯ ಪಗನೀನಿಯ ಪಿಟೀಲು ವಾದನವನ್ನು ಕೇಳಿದ ಲಿಸ್ಟ್, ಪಿಟೀಲಿನಲ್ಲಿ ಸಾಧ್ಯವಾದ ಚಮತ್ಕಾರವನ್ನು ಪಿಯಾನೊದಲ್ಲಿಯೂ ಸಾಧಿಸಬೇಕೆಂದು ಹಗಲಿರುಳು ಅಭ್ಯಾಸ ಮಾಡಿದನು. ಹೀಗೆ ಹಲವು ದೇಶಗಳ ಸಂಗೀತ ಅವನ ಬೆರಳುಗಳಲ್ಲಿ ಒಂದಾಯಿತು. ಆ ದಿನಗಳಲ್ಲಿ ಹಂಗೇರಿ ಅವನಿಗೆ ಬಾಲ್ಯದ ಒಂದು ನೆನಪು ಮಾತ್ರವಾಗಿತ್ತು.

1838ರ ಮಾರ್ಚ್ ತಿಂಗಳಿನಲ್ಲಿ ಡಾನ್ಯೂಬ್ ನದಿ ಉಕ್ಕಿಹರಿದು ಪೆಸ್ಟ್ ನಗರವನ್ನು ಮುಳುಗಿಸಿತು. ಸಾವಿರಾರು ಮಂದಿ ಮನೆಮಠಗಳನ್ನು ಕಳೆದುಕೊಂಡರು. ಆಗ ವೆನಿಸ್ಸಿನಲ್ಲಿದ್ದ ಲಿಸ್ಟ್ ಈ ಸುದ್ದಿಯನ್ನು ಓದಿ ತಳಮಳಗೊಂಡನು. ಕೂಡಲೆ ವಿಯೆನ್ನಕ್ಕೆ ಹೊರಟು ಅಲ್ಲಿ ಕಚೇರಿಗಳ ಒಂದು ಸರಣಿಯನ್ನೇ ನಡೆಸಿ, ನೆರೆಯಿಂದ ನೊಂದವರಿಗಾಗಿ ದೊಡ್ಡ ಮೊತ್ತವನ್ನು ಕೂಡಿಸಿಕೊಟ್ಟನು. ‘ತಾಯ್ನಾಡು’ ಎಂಬ ಮಾತಿನ ಅರ್ಥ ತನಗೆ ತಿಳಿದದ್ದು ಆ ಸಂದರ್ಭದಲ್ಲಿಯೇ ಎಂದು ಅವನು ಬರೆದುಕೊಂಡಿದ್ದಾನೆ.

ಮರುವರ್ಷದ ಕೊನೆಯಲ್ಲಿ ಅವನು ಪೆಸ್ಟ್ ನಗರಕ್ಕೆ ಬಂದಾಗ ಜನರು ಅವನನ್ನು ವೀರನಂತೆ ಬರಮಾಡಿಕೊಂಡರು. 1840ರ ಜನವರಿ 4ರಂದು ರಾಷ್ಟ್ರೀಯ ರಂಗಮಂದಿರದಲ್ಲಿ, ಹಂಗೇರಿಯ ಉಡುಪನ್ನು ಧರಿಸಿದ್ದ ಅವನ ಸೊಂಟಕ್ಕೆ ಗೌರವದ ಖಡ್ಗವೊಂದನ್ನು ಕಟ್ಟಿದರು. ಲಿಸ್ಟ್ ಕೃತಜ್ಞತೆಯನ್ನು ಹೇಳಬೇಕಾಗಿತ್ತು. ಆದರೆ ಅವನಿಗೆ ಹಂಗೇರಿಯ ಭಾಷೆ ಬಾರದು. ಅವನು ಫ್ರೆಂಚಿನಲ್ಲಿ ಮಾತನಾಡಿದನು. ಪಿಯಾನೊ ವಾದಕನ ಸೊಂಟದಲ್ಲಿ ಖಡ್ಗವೇಕೆ ಎಂದು ಇತರ ದೇಶಗಳ ಪತ್ರಿಕೆಗಳು ಹಾಸ್ಯ ಮಾಡಿದವು. ಆದರೆ ಪರರ ಆಳ್ವಿಕೆಯಲ್ಲಿದ್ದು, ತನ್ನ ಭಾಷೆಗೆ ತಕ್ಕ ಸ್ಥಾನವನ್ನು ಬೇಡುತ್ತಿದ್ದ ಜನತೆಗೆ, ಯೂರೋಪೆಲ್ಲ ಮೆಚ್ಚಿದ ಒಬ್ಬ ಕಲಾವಿದನು ತಾನು ಹಂಗೇರಿಯವನೆಂದು ಸಾರುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ. 1848-49ರಲ್ಲಿ ಹಂಗೇರಿಯನ್ನರ ಸ್ವಾತಂತ್ರ್ಯ ಹೋರಾಟ ನಡೆದಾಗ ಲಿಸ್ಟ್ ಜರ್ಮನಿಯ ವೈಮಾರ್ ಆಸ್ಥಾನದಲ್ಲಿದ್ದನು. ಹೋರಾಟ ಸೋತು, ಅದರ ನಾಯಕರನ್ನು ಮರಣದಂಡನೆಗೆ ಗುರಿಪಡಿಸಿದಾಗ ಅವನು ಒಂದು ಶೋಕಗೀತೆಯನ್ನು ಪಿಯಾನೊಗಾಗಿ ರಚಿಸಿ, ಅದಕ್ಕೆ ‘1849ರ ಅಕ್ಟೋಬರ್’ ಎಂದು ಗುರುತು ಹಾಕಿದನು.

ಇನ್ನು ಅವನ ಸಂಗೀತದ ಮಾತು. ಲಿಸ್ಟನ ಕೃತಿಗಳಲ್ಲಿ ಅತ್ಯಂತ ಜನಪ್ರಿಯವಾದವು ಹತ್ತೊಂಬತ್ತು ‘ಹಂಗೇರಿಯನ್ ರಾಪ್ಸೊಡಿ’ಗಳು. ಅವುಗಳಲ್ಲಿ ಮೊದಲ ಹದಿನೈದು 1851ರಿಂದ 1853ರವರೆಗೆ ಅಚ್ಚಾದವು. ಅವುಗಳಲ್ಲಿ ಹಲವಕ್ಕೆ ಮಾದರಿ ‘ವೆರ್ಬುಂಕೊಶ್’ ಎಂಬ ನೃತ್ಯಸಂಗೀತ. ಹದಿನೆಂಟನೆಯ ಶತಮಾನದಲ್ಲಿ ಹಳ್ಳಿಯ ತರುಣರನ್ನು ಸೈನ್ಯಕ್ಕೆ ಸೆಳೆಯುವುದಕ್ಕಾಗಿ ಸೈನಿಕರು ಊರೂರಿನಲ್ಲಿ ಈ ಕುಣಿತವನ್ನು ನಡೆಸುತ್ತಿದ್ದರು. ಗಂಭೀರವಾದ ವಿಳಂಬ ಲಯದಲ್ಲಿ ಆರಂಭವಾಗಿ ಕೊನೆಗೆ ಬಿರುಸಾದ ದ್ರುತ ಲಯಕ್ಕೆ ಏರುವುದು ಅದರ ಲಕ್ಷಣ. ಇಂತಹ ಸಂಗೀತದಲ್ಲಿ ಮತ್ತೆ ಮತ್ತೆ ಬರುವ ಒಂದು ಸ್ವರಶ್ರೇಣಿಯನ್ನು ನಮ್ಮ ನಾಡಿನ ಕಿವಿಗಳು ಸುಲಭವಾಗಿ ಗುರುತಿಸಬಲ್ಲವು. ಕರ್ಣಾಟಕ ಸಂಗೀತದ 57ನೆಯ ಮೇಳವಾದ ಸಿಂಹೇಂದ್ರಮಧ್ಯಮಕ್ಕೂ ಅದಕ್ಕೂ ಸ್ವರಗಳು ಒಂದೇ. ಗಮಕಗಳೂ ರಾಗದ ನಡೆಯೂ ಮಾತ್ರ ಬೇರೆ.

ಈ ಸಂಗೀತವನ್ನು ಹೋಟೆಲುಗಳಲ್ಲಿ, ಮದುವೆಗಳಲ್ಲಿ, ಜಾತ್ರೆಗಳಲ್ಲಿ ನುಡಿಸುತ್ತಿದ್ದವರು ರೋಮಾ ಜನರು. ಜಿಪ್ಸಿಗಳೆಂದು ಇತರರು ಕರೆಯುತ್ತಿದ್ದ ಇವರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರೆಂದು ಅವರ ಭಾಷೆಯ ಅಧ್ಯಯನದಿಂದ ತಿಳಿದುಬಂದಿದೆ. ಪಿಟೀಲನ್ನೂ, ತಂತಿಗಳನ್ನು ಕೋಲುಗಳಿಂದ ಬಾರಿಸುವ ಸಿಂಬಲೊಮ್ ವಾದ್ಯವನ್ನೂ ಅವರು ನುಡಿಸುವುದನ್ನು ಕೇಳಿ ಲಿಸ್ಟ್ ಮಾರುಹೋಗಿದ್ದನು. 1859ರಲ್ಲಿ ಅವನು ಈ ವಿಷಯವಾಗಿ ಫ್ರೆಂಚಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿ, ಹಂಗೇರಿಯ ಸಂಗೀತವೆಂದು ಪ್ರಸಿದ್ಧವಾದದ್ದು ವಾಸ್ತವವಾಗಿ ರೋಮಾ ಜನರ ಸೃಷ್ಟಿ ಎಂದು ವಾದಿಸಿದನು. ಹಂಗೇರಿಯಲ್ಲಿ ಕೋಲಾಹಲವೆದ್ದಿತು. ನಮ್ಮವನೆಂದು ಖಡ್ಗವನ್ನು ಕೊಟ್ಟೆವು. ಇವನು ನಮ್ಮ ಸಂಗೀತವನ್ನೇ ಇತರರಿಗೆ ಕೊಟ್ಟುಬಿಟ್ಟನು ಎಂದು ಜನರು ನೊಂದುಕೊಂಡರು.

ಈ ವಿವಾದದಲ್ಲಿ ಎರಡು ಕಡೆಯವರೂ ಪೂರ್ಣ ಸತ್ಯವನ್ನು ಕಂಡಿರಲಿಲ್ಲ. ಮುಂದೆ 1905ರ ವೇಳೆಗೆ ಬೇಲಾ ಬಾರ್ಟೋಕ್ ಮತ್ತು ಜೊಲ್ತಾನ್ ಕೊಡಾಯ್ ಎಂಬ ಇಬ್ಬರು ತರುಣ ಸಂಗೀತಗಾರರು ಹಾಡುಗಳ ಸಂಗ್ರಹಕ್ಕೆ ತೊಡಗಿ, ಫೋನೊಗ್ರಾಫ್ ಯಂತ್ರವನ್ನು ಹೊತ್ತು ಹಳ್ಳಿಗಳಲ್ಲಿ ಅಲೆದು ರೈತರ ಹಾಡುಗಳನ್ನು ದಾಖಲಿಸಿಕೊಂಡರು. ಆಗ ಐದೇ ಸ್ವರಗಳ ಆಧಾರದ ಮೇಲೆ ನಿಂತ, ನಗರದವರು ಕೇಳಿಯೇ ಇರದಿದ್ದ ಪ್ರಾಚೀನ ಹಂಗೇರಿಯ ಹಾಡುಗಳು ದೊರೆತವು. ರೋಮಾ ವಾದಕರು ನುಡಿಸುತ್ತಿದ್ದ ಜನಪ್ರಿಯ ಮಟ್ಟುಗಳಲ್ಲಿ ಹಲವು ಹಂಗೇರಿಯ ವಿದ್ಯಾವಂತರೇ ರಚಿಸಿದವು ಎಂಬುದೂ ಸ್ಪಷ್ಟವಾಯಿತು. ಮಟ್ಟು ಒಬ್ಬರದು; ಅದಕ್ಕೆ ಜೀವ ತುಂಬಿದ ವಾದನಶೈಲಿ ಇನ್ನೊಬ್ಬರದು. ಲಿಸ್ಟ್ ಕೇಳಿದ್ದು ಇವೆರಡರ ಸಂಗಮವನ್ನು.

ಪುಸ್ತಕದಿಂದ ಮುನಿದ ಜನರಿಂದ ಲಿಸ್ಟ್ ದೂರವಾಗಲಿಲ್ಲ. 1875ರಲ್ಲಿ ಬುಡಾಪೆಸ್ಟಿನಲ್ಲಿ ಸಂಗೀತ ವಿದ್ಯಾಲಯ ಸ್ಥಾಪಿತವಾದಾಗ ಅವನು ಅದರ ಮೊದಲ ಅಧ್ಯಕ್ಷನಾದನು. ಕೊನೆಯ ವರ್ಷಗಳಲ್ಲಿ ರೋಮ್, ವೈಮಾರ್, ಬುಡಾಪೆಸ್ಟ್ ಈ ಮೂರು ನಗರಗಳ ನಡುವೆ ಸಂಚರಿಸುತ್ತ, ವರ್ಷದಲ್ಲಿ ಕೆಲವು ತಿಂಗಳು ಅಲ್ಲಿಗೆ ಬಂದು ಶಿಷ್ಯರಿಗೆ ಪ್ರತಿಫಲವಿಲ್ಲದೆ ಪಾಠ ಹೇಳಿದನು. ಒಮ್ಮೆ ಪ್ಯಾರಿಸ್ಸಿನ ವಿದ್ಯಾಲಯದಿಂದ ಪರದೇಶಿಯೆಂದು ಹಿಂದಿರುಗಿದ ಬಾಲಕನು, ಮುಪ್ಪಿನಲ್ಲಿ ತನ್ನ ನಾಡಿನ ವಿದ್ಯಾಲಯದ ಬಾಗಿಲನ್ನು ತೆರೆದನು. ಭಾಷೆ ತನಗೆ ಬಾರದೆಂಬುದು ಶೋಚನೀಯವಾದರೂ ಹುಟ್ಟಿನಿಂದ ಸಾಯುವವರೆಗೆ ತಾನು ಹಂಗೇರಿಯವನೇ ಎಂದು 1873ರ ಪತ್ರವೊಂದರಲ್ಲಿ ಅವನು ಬರೆದಿದ್ದನು.

1886ರ ಜುಲೈ 31ರಂದು ಲಿಸ್ಟ್ ಬೈರೋಯ್ತ್ ನಗರದಲ್ಲಿ ನಿಧನಹೊಂದಿದನು. ಅವನ ಅಳಿಯ ವಾಗ್ನರನ ಸಂಗೀತೋತ್ಸವ ನಡೆಯುತ್ತಿದ್ದ ಊರು ಅದು. ಅವನ ದೇಹವನ್ನು ಹಂಗೇರಿಗೆ ತರಬೇಕೆಂಬ ವಿಚಾರ ಸಂಸತ್ತಿನವರೆಗೆ ಹೋಯಿತು. ಹಳೆಯ ಪುಸ್ತಕದ ಮುನಿಸು ಅಲ್ಲಿಯೂ ಅಡ್ಡಬಂದು, ಆ ಕಾರ್ಯ ನಡೆಯಲಿಲ್ಲ. ಸತ್ತ ಕಲಾವಿದನು ತನ್ನ ಪರವಾಗಿ ತಾನೇ ಮಾತನಾಡಲಾರನು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ ಜರ್ಮನಿಯ ನಾಜಿ ಸರ್ಕಾರವು ಲಿಸ್ಟನ ‘ಲೆ ಪ್ರೆಲ್ಯೂದ್’ ಎಂಬ ಕೃತಿಯ ಒಂದು ಭಾಗವನ್ನು ಪೂರ್ವ ರಣರಂಗದ ವಿಜಯವಾರ್ತೆಗಳಿಗೆ ಮುನ್ನುಡಿಯಾಗಿ ಆಕಾಶವಾಣಿಯಲ್ಲಿ ನುಡಿಸಿತು. ನೆರೆಸಂತ್ರಸ್ತರಿಗಾಗಿ ಕಚೇರಿ ಮಾಡಿದವನ ಸಂಗೀತವು ಆಕ್ರಮಣದ ಕಹಳೆಯಾಯಿತು. ಕಲಾವಿದನನ್ನು ಒಂದು ಜನಾಂಗದ ಸ್ವತ್ತೆಂದು ಭಾವಿಸುವುದರ ಅಪಾಯವನ್ನು ಇದು ತೋರಿಸುತ್ತದೆ.

ಈ ಪ್ರಶ್ನೆಗೆ ಒಂದು ವಿವೇಕದ ಉತ್ತರವನ್ನು ಕೊಟ್ಟವನು ಬಾರ್ಟೋಕ್. ರಾಪ್ಸೊಡಿಗಳ ಮಟ್ಟುಗಳು ರೈತರ ಹಾಡುಗಳಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವನು ಹುಟ್ಟಿದ ಊರೂ ಗಡಿ ಬದಲಾಗಿ ರುಮೇನಿಯಕ್ಕೆ ಸೇರಿಹೋಗಿತ್ತು. ಆದರೂ 1936ರಲ್ಲಿ ಹಂಗೇರಿಯ ವಿಜ್ಞಾನ ಅಕಾಡೆಮಿಯ ಮುಂದೆ ಉಪನ್ಯಾಸ ಮಾಡುತ್ತ, ಲಿಸ್ಟ್ ತನ್ನನ್ನು ಹಂಗೇರಿಯವನೆಂದು ಹೇಳಿಕೊಂಡನು, ಅದನ್ನು ಎಲ್ಲರೂ ಒಪ್ಪಿಕೊಳ್ಳಬೇಕು ಎಂದು ಅವನು ಅಭಿಪ್ರಾಯಪಟ್ಟನು. 2011ರಲ್ಲಿ, ಲಿಸ್ಟ್ ಜನಿಸಿ ಇನ್ನೂರು ವರ್ಷಗಳು ತುಂಬಿದಾಗ, ಬುಡಾಪೆಸ್ಟಿನ ವಿಮಾನನಿಲ್ದಾಣಕ್ಕೆ ಅವನ ಹೆಸರನ್ನಿಟ್ಟರು.

ರಕ್ತದಿಂದ ನೋಡಿದರೆ ಲಿಸ್ಟ್ ಜರ್ಮನ್, ಮಾತಿನಿಂದ ಫ್ರೆಂಚ್, ಇಂದಿನ ಭೂಪಟದಿಂದ ಆಸ್ಟ್ರಿಯದವನು. ಆದರೆ ಒಂದು ನಗರ ನೀರಿನಲ್ಲಿ ಮುಳುಗಿದಾಗ ಯಾವ ನಾಡಿಗಾಗಿ ಅವನ ಮನಸ್ಸು ಮಿಡಿಯಿತೋ, ಮುನಿದ ಮೇಲೂ ಯಾವ ಜನರ ಮಕ್ಕಳಿಗೆ ಅವನು ವಿದ್ಯೆಯನ್ನು ಕಲಿಸಿದನೋ ಅದನ್ನೇ ಅವನು ತನ್ನ ನಾಡೆಂದು ತಿಳಿದನು. ಅವನ ಸಂಗೀತಕ್ಕಾದರೋ ಜರ್ಮನಿ, ಫ್ರಾನ್ಸ್, ಇಟಲಿ, ಹಂಗೇರಿ, ರೋಮಾ ಜನರ ಬಿಡಾರ, ಎಲ್ಲ ಕಡೆಗಳಿಂದಲೂ ತೊರೆಗಳು ಹರಿದುಬಂದವು. ಹಲವು ತೊರೆಗಳು ಕೂಡಿದ ಹೊಳೆಯ ನೀರನ್ನು ಇದು ಇಂತಹ ಬೆಟ್ಟದ್ದೆಂದು ಬೇರ್ಪಡಿಸುವುದು ಯಾರಿಗೂ ಸಾಧ್ಯವಿಲ್ಲ.