ಕೇಬಲ್ ಕತ್ತರಿಸುವ ಮುನ್ನ: ಟೈಮ್ ಟ್ರಯಲ್ ಸೈಕಲ್‌ಗೆ ಏರೋ ಬಾರ್ ಜೋಡಿಸುವ ಬಗೆ

ಹೊಸ ಏರೋ ಬಾರ್ ಮನೆಗೆ ಬಂದ ದಿನ ಬಹಳಷ್ಟು ಮಂದಿ ಮೊದಲು ಕೈಹಾಕುವುದು ಕೇಬಲ್‌ಗೆ. ಹಳೆಯದನ್ನು ಕಿತ್ತು, ಹೊಸದನ್ನು ಬಾರ್ ಒಳಗೆ ತೂರಿಸಿ, ನೋಡಲು ಚೆಂದ ಕಾಣುವಷ್ಟು ಗಿಡ್ಡಕ್ಕೆ ಕತ್ತರಿಸಿಬಿಡುತ್ತಾರೆ. ವಾರ ಕಳೆದ ಮೇಲೆ ಕುತ್ತಿಗೆ ನೋವು ಶುರುವಾಗಿ, ಆರ್ಮ್ ಪ್ಯಾಡ್ ಎರಡು ಸೆಂಟಿಮೀಟರ್ ಎತ್ತರಿಸೋಣವೆಂದರೆ ಕೇಬಲ್ ಸಾಲುವುದಿಲ್ಲ. ಕೇಬಲ್ ಎಷ್ಟುದ್ದ ಇರಬೇಕೆಂಬುದನ್ನು ತೀರ್ಮಾನಿಸಬೇಕಾದ್ದು ಸವಾರನ ಮೈ ಮತ್ತು ಹ್ಯಾಂಡಲ್ ತಿರುಗುವಷ್ಟು ಜಾಗ. ಇವೆರಡೂ ಇತ್ಯರ್ಥವಾಗುವ ತನಕ ಕಟರ್ ಪೆಟ್ಟಿಗೆಯಲ್ಲೇ ಇರಲಿ.

ಈ ಬಾರ್‌ನ ತಾಕತ್ತು ಜಗತ್ತಿಗೆಲ್ಲ ಗೊತ್ತಾದದ್ದು 1989ರ ಜುಲೈ 23ರಂದು. ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ, ವರ್ಸೈಲ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದ. ಆಗಿನ್ನೂ ಟ್ರಯಥ್ಲಾನ್‌ನವರು ಮಾತ್ರ ಹೆಚ್ಚಾಗಿ ಬಳಸುತ್ತಿದ್ದ ಏರೋ ಬಾರ್ ಮೇಲೆ ಮುಂಗೈ ಊರಿ ಓಡಿಸಿದ ಅವನು, ಮುನ್ನಡೆಯಲ್ಲಿದ್ದ ಲಾರಾಂ ಫಿನ್ಯೋನ್‌ನನ್ನು ಹಿಂದಿಕ್ಕಿ ಇಡೀ ಟೂರ್ ಅನ್ನು 8 ಸೆಕೆಂಡ್ ಅಂತರದಲ್ಲಿ ಗೆದ್ದ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ನಮ್ಮ ಶಕ್ತಿಯ ಬಹುಪಾಲು ಗಾಳಿ ಸೀಳುವುದಕ್ಕೇ ಖರ್ಚಾಗುತ್ತದೆ. ಆ ಗಾಳಿಗೆ ಎದೆಯೊಡ್ಡುವುದು ಸೈಕಲ್‌ಗಿಂತ ಹೆಚ್ಚಾಗಿ ಮೈ. ಅದಕ್ಕೇ ಮೈ ಕೂರುವ ಭಂಗಿ ಮೊದಲು, ಉಳಿದದ್ದೆಲ್ಲ ಆಮೇಲೆ.

ವಿಜಯಪುರ, ಬಾಗಲಕೋಟೆಯ ಸೈಕ್ಲಿಸ್ಟ್‌ಗಳಿಂದ ಹಿಡಿದು ಗೋವಾದ ಐರನ್‌ಮ್ಯಾನ್ 70.3 ಟ್ರಯಥ್ಲಾನ್‌ಗೆ ತಯಾರಾಗುವ ಬೆಂಗಳೂರಿನ ಉದ್ಯೋಗಿಗಳವರೆಗೆ ಅನೇಕರ ಮೊದಲ ಟೈಮ್ ಟ್ರಯಲ್ ಸೈಕಲ್ ಸೆಕೆಂಡ್‌ಹ್ಯಾಂಡ್ ಆಗಿರುತ್ತದೆ. ಆದ್ದರಿಂದ ಇಲ್ಲಿ ಮುಖ್ಯವಾಗಿ ಹೇಳುವುದು ತಂತಿಯ ಗೇರ್, ರಿಮ್ ಬ್ರೇಕ್ ಇರುವ ಸೈಕಲ್ ಬಗ್ಗೆ.

ಕೊಳ್ಳುವ ಮೊದಲು

ಏರೋ ಬಾರ್‌ನಲ್ಲಿ ಎರಡು ಭಾಗ. ಅಡ್ಡಕ್ಕಿರುವುದು ಬೇಸ್ ಬಾರ್, ಬ್ರೇಕ್ ಇರುವುದು ಅದರ ತುದಿಯಲ್ಲಿ. ಮುಂದಕ್ಕೆ ಚಾಚಿದ ಜೋಡಿ ಕೊಳವೆಗಳು ಎಕ್ಸ್‌ಟೆನ್ಶನ್, ಗೇರ್ ಶಿಫ್ಟರ್ ಅವುಗಳ ತುದಿಗೆ. ಸ್ಟೆಮ್ ಕಚ್ಚಿಕೊಳ್ಳುವ ಜಾಗದಲ್ಲಿ ಈಗಿನ ಬಾರ್‌ಗಳ ವ್ಯಾಸ 31.8 ಮಿ.ಮೀ.; ಹಳೆಯ ಸ್ಟೆಮ್‌ಗಳು 26 ಮಿ.ಮೀ. ಇರಬಹುದು. ಎಕ್ಸ್‌ಟೆನ್ಶನ್ ಸಾಮಾನ್ಯವಾಗಿ 22.2 ಮಿ.ಮೀ. ಮಾಮೂಲಿ ರೋಡ್ ಬೈಕ್‌ಗೆ ಕ್ಲಿಪ್-ಆನ್ ಹಾಕುವವರು ಇನ್ನೊಂದು ವಿಷಯ ಖಚಿತಪಡಿಸಿಕೊಳ್ಳಿ: ನಿಮ್ಮದು ಕಾರ್ಬನ್ ಹ್ಯಾಂಡಲ್ ಆದರೆ, ಅದಕ್ಕೆ ಕ್ಲ್ಯಾಂಪ್ ಬಿಗಿಯಬಹುದೆಂದು ತಯಾರಕರೇ ಹೇಳಿರಬೇಕು. ಇಲ್ಲದಿದ್ದರೆ ಬೇಡ, ಕಾರ್ಬನ್ ಒಳಗೊಳಗೇ ಬಿರುಕು ಬಿಡಬಹುದು.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ನಿಯಮದ ಸ್ಪರ್ಧೆಗೆ ಹೋಗುವವರಿಗೆ ಉದ್ದಕ್ಕೂ ಮಿತಿಯಿದೆ. ಕ್ರ್ಯಾಂಕ್ ತಿರುಗುವ ಅಚ್ಚಿನ (ಬಾಟಮ್ ಬ್ರಾಕೆಟ್) ನೇರದಿಂದ ಎಕ್ಸ್‌ಟೆನ್ಶನ್ ತುದಿಯವರೆಗಿನ ಅಂತರ, 2023ರಿಂದ, 180 ಸೆಂ.ಮೀ.ಗಿಂತ ಕಡಿಮೆ ಎತ್ತರದವರಿಗೆ 80 ಸೆಂ.ಮೀ., 190ರೊಳಗಿನವರಿಗೆ 83, ಅದಕ್ಕೂ ಎತ್ತರದವರಿಗೆ 85.

ಬಾರ್ ಕೂರಿಸುವುದು

ಸೈಕಲ್ ಸ್ಟ್ಯಾಂಡ್‌ನಲ್ಲಿರಲಿ. ಹಳೆಯ ಬಾರ್ ತೆಗೆದ ಮೇಲೆ ಸ್ಟೆಮ್ ಮುಖವನ್ನು ಒರೆಸಿ, ಬೋಲ್ಟ್ ಎಳೆಗಳಿಗೆ ತುಸು ಗ್ರೀಸ್ ಹಚ್ಚಿ. ಬಾರ್ ಅಥವಾ ಸ್ಟೆಮ್ ಕಾರ್ಬನ್ ಆಗಿದ್ದರೆ ಕಚ್ಚುವ ಜಾಗಕ್ಕೆ ಗ್ರೀಸ್ ಸೋಕಬಾರದು. ಅಲ್ಲಿಗೆ ಕಾರ್ಬನ್ ಪೇಸ್ಟ್. ಅದರೊಳಗಿನ ಸಣ್ಣ ಹರಳುಗಳು ಹಿಡಿತ ಕೊಡುವುದರಿಂದ ಕಡಿಮೆ ಬಿಗಿತದಲ್ಲೇ ಬಾರ್ ಜಾರದೆ ನಿಲ್ಲುತ್ತದೆ. ಬೇಸ್ ಬಾರ್ ನಡುಗೆರೆಗೆ ಸರಿಯಾಗಿ ಕೂರಿಸಿ, ಮುಖದ ನಾಲ್ಕು ಬೋಲ್ಟ್‌ಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ, ಒಂದೊಂದಕ್ಕೂ ಕಾಲು ಸುತ್ತಿನಂತೆ ಬಿಗಿಯುತ್ತ ಬನ್ನಿ. ಮೇಲೂ ಕೆಳಗೂ ಸೀಳು ಸಮನಾಗಿರಬೇಕು. ಸಾಮಾನ್ಯವಾಗಿ ಹೇಳುವ ಬಿಗಿತ 5 ನ್ಯೂಟನ್ ಮೀಟರ್ ಆಸುಪಾಸು, ಆದರೆ ಸ್ಟೆಮ್ ಮೇಲೆ ಬರೆದ ಅಂಕಿಯೇ ಅಂತಿಮ. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ. ಟಾರ್ಕ್ ವ್ರೆಂಚ್ ಕೊಳ್ಳಿ, ಇಲ್ಲವೇ ಎರವಲು ತನ್ನಿ.

ಸ್ಟೆಮ್ ಅನ್ನೇ ಬಿಚ್ಚಿದ್ದರೆ, ಮತ್ತೆ ಹಾಕುವಾಗ ಮೊದಲು ತಲೆಯ ಮೇಲಿನ ಕ್ಯಾಪ್ ಬೋಲ್ಟ್‌ನಿಂದ ಹೆಡ್‌ಸೆಟ್‌ನ ಅಲುಗಾಟ ನಿಲ್ಲಿಸಿ, ಆಮೇಲೆ ಪಕ್ಕದ ಬೋಲ್ಟ್ ಬಿಗಿಯಿರಿ. ಕ್ರಮ ತಿರುಗುಮುರುಗಾದರೆ ಫೋರ್ಕ್ ಸಡಿಲವಾಗಿಯೇ ಉಳಿಯುತ್ತದೆ.

ಇನ್ನು ಭಂಗಿ. ಪ್ಯಾಡ್ ಮೊಣಕೈ ಕೀಲಿನ ಮೇಲೆ ಬರಬಾರದು, ಅದಕ್ಕಿಂತ ತುಸು ಮುಂದೆ ಮುಂಗೈಯ ಮಾಂಸಲ ಭಾಗಕ್ಕೆ ಆಸರೆಯಾಗಬೇಕು. ಪಕ್ಕದಿಂದ ನೋಡಿದಾಗ ಮೇಲ್ತೋಳು, ಮುಂಗೈ ನಡುವೆ ಲಂಬಕೋನಕ್ಕೆ ಹತ್ತಿರದ ಕೋನವಿದ್ದರೆ ಮೈಭಾರ ಮೂಳೆಯ ಮೇಲೆ ನಿಲ್ಲುತ್ತದೆ, ಭುಜ ಸೋಲುವುದಿಲ್ಲ. ಹೊಸಬರು ಪ್ಯಾಡ್ ಎತ್ತರದಲ್ಲಿಟ್ಟು ಶುರುಮಾಡಿ ತಿಂಗಳುಗಳಲ್ಲಿ ಇಳಿಸುತ್ತ ಹೋಗಲಿ. ತೀರಾ ತಗ್ಗಿದ ಭಂಗಿಯಲ್ಲಿ ಹತ್ತು ನಿಮಿಷ ಕೂತು ಎದ್ದುಬಿಡುವವರಿಗಿಂತ, ಸ್ವಲ್ಪ ಎತ್ತರದಲ್ಲಿ ಗಂಟೆಗಟ್ಟಲೆ ಅಲುಗದೆ ಕೂರುವವರೇ ವೇಗವಾಗಿ ಮುಟ್ಟುತ್ತಾರೆ. ಈ ಪರೀಕ್ಷೆಯನ್ನು ಮನೆಯೊಳಗಿನ ಟ್ರೈನರ್ ಮೇಲೆ ಮಾಡಿ. ಕೇಬಲ್‌ಗಳು ಉದ್ದವಾಗಿಯೇ ಇರಲಿ, ಬಾರ್ ಹೊರಗೇ ಟೇಪ್ ಸುತ್ತಿ ಕಟ್ಟಿದರೆ ಸಾಕು. ಭಂಗಿ ಪಕ್ಕಾ ಆದ ಮೇಲೆ ಕ್ಲ್ಯಾಂಪ್‌ಗಳ ಅಂಚಿಗೆ ಬಣ್ಣದ ಟೇಪ್‌ನಿಂದ ಗುರುತು ಹಾಕಿ. ಎಕ್ಸ್‌ಟೆನ್ಶನ್ ಉದ್ದವಾಯಿತೆಂದರೆ ಹಿಂದಿನ ತುದಿಯಿಂದ, ಕಿರುಹಲ್ಲಿನ ಗರಗಸದಲ್ಲಿ ಕತ್ತರಿಸಿ. ಕಾರ್ಬನ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಕಡ್ಡಾಯ.

ಕೇಬಲ್ ಹಾದಿ

ಬ್ರೇಕ್‌ನ ಔಟರ್ (ತಂತಿಯ ಹೊರಕವಚ) ಬೇರೆ, ಗೇರ್‌ನ ಔಟರ್ ಬೇರೆ. ಕತ್ತರಿಸಿದ ತುದಿ ನೋಡಿದರೆ ಗೊತ್ತಾಗುತ್ತದೆ: ಬ್ರೇಕ್‌ನದರಲ್ಲಿ ಚಪ್ಪಟೆ ತಂತಿ ಸ್ಪ್ರಿಂಗ್‌ನಂತೆ ಸುತ್ತಿಕೊಂಡಿರುತ್ತದೆ, ಗೇರ್‌ನದರಲ್ಲಿ ಸಣ್ಣ ತಂತಿಗಳು ಉದ್ದುದ್ದಕ್ಕೆ ಸಾಲಾಗಿರುತ್ತವೆ. ಗೇರ್ ಔಟರ್ ಅನ್ನು ಬ್ರೇಕ್‌ಗೆ ಎಂದಿಗೂ ಹಾಕಬೇಡಿ. ಜೋರಾಗಿ ಬ್ರೇಕ್ ಹಿಡಿದ ಗಳಿಗೆಯಲ್ಲಿ ಆ ತಂತಿಗಳು ಪಕ್ಕಕ್ಕೆ ಸಿಡಿದು ಬ್ರೇಕ್ ಪೂರ್ತಿ ಕೈಕೊಡಬಹುದು. ಬಾರ್ ಒಳಗೆ ತಿರುವು ಹೆಚ್ಚಿರುವ ಕಡೆ ಬ್ರೇಕ್ ಮೆತ್ತಗೆನಿಸಿದರೆ, ಒತ್ತಡಕ್ಕೆ ಕುಗ್ಗದ ಬ್ರೇಕ್ ಔಟರ್ ಎಂದೇ ಸಿಗುತ್ತದೆ. ಆ ಖರ್ಚು ಸಾರ್ಥಕ.

ಬೇಸ್ ಬಾರ್ ಒಳಗೆ ಔಟರ್ ತೂರಿಸಲು ಲಿವರ್ ಕಡೆಯಿಂದ ಸುಮ್ಮನೆ ತಳ್ಳುತ್ತ ಕೂತರೆ ಸ್ಟೆಮ್ ಪಕ್ಕದ ಸಣ್ಣ ತೂತು ಸಿಕ್ಕುವುದೇ ಇಲ್ಲ. ಉಲ್ಟಾ ಮಾಡಿ. ಹಳೆಯ ಇನ್ನರ್ ತಂತಿಯನ್ನು ಆ ಸಣ್ಣ ತೂತಿನಿಂದ ಒಳಬಿಡಿ, ಅದು ಬಾರ್‌ನ ಅಗಲವಾದ ಬಾಯಿಯಲ್ಲಿ ತಾನಾಗಿ ಹೊರಬರುತ್ತದೆ. ಈಗ ಆ ತಂತಿಗೆ ಔಟರ್ ಪೋಣಿಸಿ, ತಂತಿಯ ಎರಡೂ ತುದಿ ಬಿಗಿಯಾಗಿ ಹಿಡಿದು ಔಟರ್ ತಳ್ಳಿದರೆ ಅದೇ ಹಾದಿ ಹಿಡಿದು ತೂತಿಗೆ ಬರುತ್ತದೆ. ಎಕ್ಸ್‌ಟೆನ್ಶನ್‌ನಲ್ಲೂ ಹೀಗೆಯೇ, ಗೇರ್ ಔಟರ್ ಶಿಫ್ಟರ್‌ನಿಂದ ಒಳಹೊಕ್ಕು ಪ್ಯಾಡ್‌ಗಳ ಕೆಳಗೆ, ಹಿಂದಿನ ತುದಿಯಲ್ಲಿ ಇಳಿಯುತ್ತದೆ.

ಫ್ರೇಮ್ ಒಳಗಿನ ಇನ್ನರ್ ಬದಲಿಸುವಾಗ, ಹಳೆಯದನ್ನು ಎಳೆಯುವ ಮೊದಲು ಅದರ ಮೇಲೆ ತೆಳು ಪ್ಲಾಸ್ಟಿಕ್ ಲೈನರ್ ಕೊಳವೆ ಪೂರ್ತಿ ತೂರಿಸಿ. ಆಮೇಲೆ ಹಳೆ ತಂತಿ ಎಳೆದರೂ ಹಾದಿ ಉಳಿದಿರುತ್ತದೆ. ಫ್ರೇಮ್ ಆಗಲೇ ಖಾಲಿಯಾಗಿದ್ದರೆ ಒಂದು ತೂತಿಗೆ ಹೊಲಿಗೆ ದಾರದ ತುದಿ ಬಿಡಿ, ಉಳಿದ ತೂತುಗಳನ್ನು ಟೇಪ್‌ನಿಂದ ಮುಚ್ಚಿ, ಹೊರಬರಬೇಕಾದ ತೂತಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ದಾರ ಕ್ಷಣದಲ್ಲಿ ಈಚೆಗೆ ಬರುತ್ತದೆ, ಅದಕ್ಕೆ ತಂತಿ ಕಟ್ಟಿ ಎಳೆದುಕೊಳ್ಳಿ.

ಈಗ ಅಳತೆ. ಹ್ಯಾಂಡಲ್ ಅನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಯಾವ ಔಟರ್ ಕೂಡ ಬಿಗಿಯಬಾರದು, ಮಡಿಚಿಕೊಳ್ಳಬಾರದು, ಮುಂದಿನ ಬ್ರೇಕ್ ತನ್ನಷ್ಟಕ್ಕೆ ಅಲುಗಬಾರದು. ಕೈಬಿಟ್ಟಾಗ ಹ್ಯಾಂಡಲ್ ತಾನಾಗಿ ಒಂದು ಕಡೆ ವಾಲಿದರೆ ಯಾವುದೋ ಔಟರ್ ಗಿಡ್ಡವಾಗಿರಬಹುದು. ವಿಮಾನದಲ್ಲೋ ಬಸ್ಸಿನಲ್ಲೋ ಸೈಕಲ್ ಸಾಗಿಸುವವರು ಬಾರ್ ಬಿಚ್ಚಿ ಫ್ರೇಮ್ ಪಕ್ಕಕ್ಕೆ ಮಲಗಿಸಲು ಬೇಕಾದಷ್ಟು ಸಡಿಲವನ್ನೂ ಸೇರಿಸಿ. ಗುರುತು ಹಾಕಿ, ಚೂಪಾದ ಕೇಬಲ್ ಕಟರ್‌ನಿಂದ ಕತ್ತರಿಸಿ, ತುದಿಯನ್ನು ಅರದಿಂದ ಸಮಗೊಳಿಸಿ. ಚಪ್ಪಟೆಯಾದ ಒಳ ಕೊಳವೆಯ ಬಾಯಿಯನ್ನು ದಬ್ಬಳದಿಂದ ಗುಂಡಗೆ ಬಿಡಿಸಿ, ಕ್ಯಾಪ್ ತೊಡಿಸಿ. ಗೇರ್ ಕಚ್ಚಾಡುವ ತೊಂದರೆ ಎಷ್ಟೋ ಸಲ ಈ ಬಾಯಿ ಬಿಡಿಸದೆ ಬಿಟ್ಟದ್ದರಿಂದಲೇ ಬರುತ್ತದೆ. ಡಿರೈಲರ್‌ಗೆ ಕಟ್ಟುವ ಮೊದಲು ತಂತಿಯನ್ನು ಎರಡು ಬೆರಳಲ್ಲಿ ಹಿಂದೆ ಮುಂದೆ ಎಳೆದು ನೋಡಿ. ಎಲ್ಲಿಯೂ ತಡೆ ಅನ್ನಿಸದೆ ಜಾರಬೇಕು. ತಡೆದರೆ ಆಗಲೇ ಬಿಚ್ಚಿ ಸರಿಪಡಿಸಿ, ಡಿರೈಲರ್ ತಿರುಪಿನಿಂದ ಅದು ಗುಣವಾಗದು.

ಕೆಲವು ಶಿಫ್ಟರ್‌ಗಳ ಒಳಬೋಲ್ಟ್ ಉಲ್ಟಾ ತಿರುಗಿಸಿದರೆ ಬಿಗಿಯುತ್ತದೆ, ಪೆಟ್ಟಿಗೆಯಲ್ಲಿರುವ ಚೀಟಿ ಓದಿಕೊಳ್ಳಿ. ನಮ್ಮಲ್ಲಿ ಬಲಗೈಗೆ ಮುಂದಿನ ಬ್ರೇಕ್ ರೂಢಿ, ಹೊರಗಿನಿಂದ ಬಂದ ಸೈಕಲ್‌ನಲ್ಲಿ ಅದು ಎಡಕ್ಕಿರಬಹುದು. ನಿಮ್ಮ ಕೈಗೆ ಒಗ್ಗಿದ ಕಡೆಗೇ ಇಟ್ಟುಕೊಳ್ಳಿ. ಎಲೆಕ್ಟ್ರಾನಿಕ್ ಗೇರ್‌ನಲ್ಲಿ ಈ ಎಳೆದಾಟ ಕಡಿಮೆ, ವೈರ್ ಸುಲಭವಾಗಿ ಬಾಗುತ್ತದೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಆದರೆ ಪೈಪ್ ಕತ್ತರಿಸಿದ ಮೇಲೆ ಗಾಳಿ ತೆಗೆಯಬೇಕು. ಮಿನರಲ್ ಆಯಿಲ್ ಹಾಕಬೇಕಾದ ಬ್ರೇಕ್‌ಗೆ ಡಾಟ್ ದ್ರವ ಹೋದರೆ ಸೀಲ್‌ಗಳು ಹಾಳಾಗುತ್ತವೆ. ಮೊದಲ ಸಲ ಅನುಭವಿ ಮೆಕ್ಯಾನಿಕ್ ಹತ್ತಿರವೇ ಮಾಡಿಸಿ.

ರಸ್ತೆಗಿಳಿಯುವ ಮುನ್ನ

ಮುಂದಿನ ಬ್ರೇಕ್ ಹಿಡಿದು ಸೈಕಲ್ ತಳ್ಳಿ ನೋಡಿ. ಪ್ಯಾಡ್‌ಗಳ ಮೇಲೆ, ಎಕ್ಸ್‌ಟೆನ್ಶನ್ ತುದಿಯ ಮೇಲೆ ಮೈಭಾರವೆಲ್ಲ ಹಾಕಿ ಒತ್ತಿ. ಜಾರುವುದಿದ್ದರೆ ಮನೆಯಂಗಳದಲ್ಲೇ ಜಾರಲಿ. ಮೊದಲ ಸವಾರಿ ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ, ಒಬ್ಬರೇ. ಎಕ್ಸ್‌ಟೆನ್ಶನ್ ಹಿಡಿದಾಗ ಕೈ ಬ್ರೇಕ್‌ನಿಂದ ದೂರವಿರುತ್ತದೆ. ಒಟ್ಟಾಗಿ ಹೊರಡುವ ರೋಡ್ ರೇಸ್‌ಗಳಲ್ಲಿ ಇದಕ್ಕೆ ನಿಷೇಧವಿರುವುದು ಈ ಕಾರಣಕ್ಕೇ. ಗೆಳೆಯರ ಗುಂಪಿನಲ್ಲಿ ಹೋಗುವಾಗಲೂ ಕೈ ಬೇಸ್ ಬಾರ್ ಮೇಲಿರಲಿ.

ಮೊದಲ ಸವಾರಿ ಮುಗಿದ ಮೇಲೆ ಎಲ್ಲ ಬೋಲ್ಟ್‌ಗಳ ಬಿಗಿತ ಮತ್ತೊಮ್ಮೆ ಪರೀಕ್ಷಿಸಿ. ಹೊಸ ಔಟರ್ ಕುಳಿತುಕೊಂಡಂತೆ ತಂತಿ ತುಸು ಸಡಿಲವಾಗುತ್ತದೆ, ಅದನ್ನು ಅಡ್ಜಸ್ಟರ್ ತಿರುಗಿಸಿ ಸರಿಮಾಡಿ. ಟ್ರೈನರ್ ಮೇಲೆ ಹೆಚ್ಚು ಓಡಿಸುವವರ ಬೆವರು ನೇರವಾಗಿ ಪ್ಯಾಡ್ ಬೋಲ್ಟ್‌ಗಳ ಮೇಲೆ ತೊಟ್ಟಿಕ್ಕುತ್ತದೆ; ಪ್ರತಿ ಸಲ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ವರ್ಷಕ್ಕೊಮ್ಮೆ ಟೇಪ್ ಬಿಚ್ಚಿ ಅಲ್ಯೂಮಿನಿಯಂ ಬಾರ್ ನೋಡಿ. ಬಿಳಿ ಪುಡಿ ಕಂಡರೆ ಉಜ್ಜಿ ತೆಗೆಯಿರಿ, ಅದರಡಿ ಗುಳಿ ಬಿದ್ದಿದ್ದರೆ ಬಾರ್ ಬದಲಿಸಿ.