ಕೈಯೂ ಬೆಚ್ಚಗಿರಲಿ, ಜೇಬೂ ಉಳಿಯಲಿ: ಮೊದಲ ಚಳಿಗಾಲಕ್ಕೆ ಗ್ಲೌಸ್ ಆರಿಸುವ ಬಗೆ

ಆಗಸ್ಟ್‌ನಲ್ಲಿ ಮಿನಿಯಾಪೊಲಿಸ್‌ಗೆ ಬಂದಿಳಿಯುವ ನಮ್ಮವರ ಸೂಟ್‌ಕೇಸ್ ಬಿಚ್ಚಿದರೆ ಚಟ್ನಿಪುಡಿ, ಸಾರಿನಪುಡಿ, ಪುಟ್ಟ ಕುಕ್ಕರ್ ಜೊತೆಗೆ ಒಂದು ಜೊತೆ ಉಲ್ಲನ್ ಗ್ಲೌಸೂ ಸಿಗತ್ತೆ. "ಅಲ್ಲಿ ತುಂಬಾ ಚಳಿಯಂತೆ" ಅಂತ ಅಮ್ಮ ಮಡಚಿ ಇಟ್ಟಿದ್ದು. ಆ ಪ್ರೀತಿಗೆ ಬೆಲೆ ಕಟ್ಟೋಕಾಗಲ್ಲ. ಆದರೆ ಲೆಕ್ಕ ಲೆಕ್ಕವೇ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಇಲ್ಲಿ ಜನವರಿಯ ಸಾಧಾರಣ ರಾತ್ರಿಯೇ ಸುಮಾರು ಮೈನಸ್ 13. 2019ರ ಜನವರಿ ಕೊನೆಯಲ್ಲಿ ಅದು ಮೈನಸ್ 33ಕ್ಕೆ ಇಳಿದಿತ್ತು. ಅಮ್ಮ ಕೊಟ್ಟ ಗ್ಲೌಸ್ ಅಕ್ಟೋಬರ್‌ಗೆ ಸಾಕು, ಡಿಸೆಂಬರ್‌ಗೆ ಸಾಲದು.

ಹಾಗಂತ ಗಾಬರಿಯಿಂದ 120 ಡಾಲರ್ ಕೊಟ್ಟು ಸ್ಕೀ ಗ್ಲೌಸ್ ಕೊಳ್ಳಬೇಕಾಗಿಲ್ಲ. ಗ್ಲೌಸ್ ಹೇಗೆ ಕೆಲಸ ಮಾಡತ್ತೆ ಅಂತ ಒಮ್ಮೆ ಅರ್ಥ ಮಾಡಿಕೊಂಡರೆ, ಅದರ ಅರ್ಧ ಅಥವಾ ಕಾಲು ಭಾಗದ ಹಣದಲ್ಲೇ ಎರಡು ಚಳಿಗಾಲ ಕಳೆಯಬಹುದು. ಅದಕ್ಕೇ ಈ ಪಾಠ.

ಬೆರಳಿಗೇ ಯಾಕೆ ಮೊದಲು ಚಳಿ?

ಎರಡು ಕಾರಣ ಇದೆ. ಮೊದಲನೆಯದು ಬರೀ ಜ್ಯಾಮಿತಿ. ಬೆರಳನ್ನು 8 ಮಿಲಿಮೀಟರ್ ತ್ರಿಜ್ಯದ ಸಿಲಿಂಡರ್ ಅಂತ ಇಟ್ಟುಕೊಳ್ಳಿ, ತೋಳನ್ನು 40 ಮಿಲಿಮೀಟರ್ ತ್ರಿಜ್ಯದ ಸಿಲಿಂಡರ್ ಅಂತ. ಒಳಗಿನ ಗಾತ್ರಕ್ಕೆ ಹೋಲಿಸಿದರೆ ಬೆರಳಿನ ಹೊರಮೈ ತೋಳಿಗಿಂತ ಐದು ಪಟ್ಟು ಹೆಚ್ಚು. ಅಂದ್ರೆ ಶಾಖ ಸೋರಿಹೋಗೋಕೆ ದಾರಿ ಅಷ್ಟು ಜಾಸ್ತಿ.

ಎರಡನೆಯದು ದೇಹದ ಲೆಕ್ಕಾಚಾರ. ಮೈ ತಣ್ಣಗಾಗತೊಡಗಿದರೆ ದೇಹ ಹೃದಯ, ಮೆದುಳುಗಳನ್ನು ಮೊದಲು ಕಾಪಾಡಿಕೊಳ್ಳತ್ತೆ. ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡಿ ಅಲ್ಲಿಗೆ ಹೋಗುವ ಬಿಸಿರಕ್ತವನ್ನು ಕಡಿಮೆ ಮಾಡತ್ತೆ. ಹಾಗಾಗಿ ತೆಳು ಜಾಕೆಟ್ ಹಾಕಿಕೊಂಡು, ತಲೆಗೆ ಏನೂ ಇಲ್ಲದೆ, ಎಷ್ಟೇ ದುಬಾರಿ ಗ್ಲೌಸ್ ಹಾಕಿದರೂ ಬೆರಳು ಮರಗಟ್ಟತ್ತೆ. ಗ್ಲೌಸ್ ಹೀಟರ್ ಅಲ್ಲ, ಫ್ಲಾಸ್ಕ್. ಕೈಯಲ್ಲಿ ಬಿಸಿ ಇದ್ದರೆ ತಾನೇ ಅದು ಹಿಡಿದಿಡೋದು?

ನಿಜವಾಗಿ ಬೆಚ್ಚಗಿಡೋದು ಗಾಳಿ

ಇದೇ ಈ ಪಾಠದ ಮುಖ್ಯ ಮಾತು. ಬೆಚ್ಚಗಿಡುವುದು ಉಣ್ಣೆಯೋ ಪಾಲಿಯೆಸ್ಟರೋ ಅಲ್ಲ. ಆ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸತ್ತೆ. ಅದೇ ಜಾಗಕ್ಕೆ ನೀರು ಬಂದರೆ ಶಾಖ ಸುಮಾರು 25 ಪಟ್ಟು ಸುಲಭವಾಗಿ ಹರಿದುಹೋಗತ್ತೆ. ಹಾಗಾದರೆ ಗ್ಲೌಸಿಗೆ ಮೂರು ಶತ್ರುಗಳು.

ಮೊದಲನೆಯದು ಬೀಸುಗಾಳಿ. ಅದು ನಿಂತ ಗಾಳಿಯನ್ನು ಹೊರಗೆ ತಳ್ಳತ್ತೆ. ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಇಲ್ಲಿನ ಹವಾಮಾನ ಇಲಾಖೆಯ ವಿಂಡ್‌ಚಿಲ್ ಪಟ್ಟಿಯ ಪ್ರಕಾರ ಅದು ಮೈನಸ್ 28ರ ಹಾಗೆ. ಅಷ್ಟರಲ್ಲಿ ಬಿಟ್ಟ ಚರ್ಮಕ್ಕೆ ಅರ್ಧ ಗಂಟೆಯಲ್ಲಿ ಫ್ರಾಸ್ಟ್‌ಬೈಟ್ ಆಗಬಹುದು. ಫೋನಿನಲ್ಲಿ ಉಷ್ಣತೆ ಮಾತ್ರ ನೋಡಿ ಹೊರಡಬೇಡಿ, ವಿಂಡ್‌ಚಿಲ್ಲೂ ನೋಡಿ. ಮಿಸಿಸಿಪ್ಪಿ ನದಿ ಮೇಲಿನ ವಾಷಿಂಗ್ಟನ್ ಅವೆನ್ಯೂ ಸೇತುವೆ ದಾಟಿ ಕ್ಲಾಸಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಣೆದ ಉಲ್ಲನ್ ಗ್ಲೌಸ್ ಅಲ್ಲಿ ಸೋಲೋದು ಇದೇ ಕಾರಣಕ್ಕೆ: ಅದರ ತುಂಬಾ ತೂತು. (ಸೇತುವೆಯ ಮೇಲಂತಸ್ತಿನ ನಡುವೆ ಮುಚ್ಚಿದ ಓಣಿ ಇದೆ, ಅದರಲ್ಲೇ ನಡೆಯಿರಿ.)

ಎರಡನೆಯದು ನೀರು. ಹಿಮ ಕರಗಿದ ನೀರೂ ಹೌದು, ನಿಮ್ಮದೇ ಬೆವರೂ ಹೌದು. ಹತ್ತಿ ಒದ್ದೆಯಾದರೆ ಕೆಟ್ಟಿತು ಅಂತಲೇ ಲೆಕ್ಕ. ಉಣ್ಣೆ ಹಾಗಲ್ಲ, ಸ್ವಲ್ಪ ತೇವ ಹೀರಿಕೊಂಡೂ ಬಿಸಿ ಹಿಡಿದಿಡತ್ತೆ. ಮಲೆನಾಡಿನಲ್ಲಿ ಜಡಿಮಳೆಯಲ್ಲಿ ಗದ್ದೆಗೆ ಇಳಿಯುವವರು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದುದರ ಹಿಂದೆ ಇರುವ ಜಾಣತನವೂ ಇದೇ.

ಮೂರನೆಯದು ಬಿಗಿ. ಇದನ್ನು ಬಹಳ ಜನ ಮರೀತಾರೆ. ಬಿಗಿಯಾದ ಗ್ಲೌಸಿನಲ್ಲಿ ಗಾಳಿಗೆ ಜಾಗ ಇಲ್ಲ, ಒಳಗಿನ ಹತ್ತಿಯಂಥ ತುಂಬು ಚಪ್ಪಟೆಯಾಗತ್ತೆ, ಬೆರಳಿನ ರಕ್ತ ಓಡಾಟವೂ ಕಡಿಮೆಯಾಗತ್ತೆ. ಬಿಗಿ ಗ್ಲೌಸಿನೊಳಗೆ ಇನ್ನೊಂದು ಗ್ಲೌಸ್ ತುರುಕಿದರೆ ಚಳಿ ಕಮ್ಮಿ ಆಗಲ್ಲ, ಜಾಸ್ತಿ ಆಗತ್ತೆ.

ಗ್ಲೌಸೋ, ಮಿಟನ್ನೋ?

ಐದು ಬೆರಳಿಗೂ ಬೇರೆ ಬೇರೆ ಮನೆ ಇದ್ದರೆ ಗ್ಲೌಸ್. ಹೆಬ್ಬೆರಳಿಗೊಂದು, ಉಳಿದ ನಾಲ್ಕಕ್ಕೂ ಸೇರಿ ಒಂದು ಮನೆ ಇದ್ದರೆ ಮಿಟನ್. ಅವಿಭಕ್ತ ಕುಟುಂಬದ ಹಾಗೆ ನಾಲ್ಕು ಬೆರಳೂ ಒಂದರ ಬಿಸಿಯನ್ನು ಒಂದು ಹಂಚಿಕೊಳ್ಳತ್ತೆ, ಹೊರಗಿನ ಗಾಳಿಗೆ ತಾಗುವ ಮೈಯೂ ಕಡಿಮೆ. ಅದೇ ಬೆಲೆಗೆ, ಅದೇ ವಸ್ತುವಿನಲ್ಲಿ ಮಿಟನ್ ಯಾವಾಗಲೂ ಹೆಚ್ಚು ಬೆಚ್ಚಗೆ. ಆದರೆ ಬೀಗ ತೆಗೆಯೋದು, ಬಸ್ ಕಾರ್ಡ್ ಹಿಡಿಯೋದು ಕಷ್ಟ.

ಅದಕ್ಕೆ ಸುಲಭದ ದಾರಿ ಎರಡು ಪದರ. ಒಳಗೆ ತೆಳು ಲೈನರ್ ಗ್ಲೌಸ್, ಹೊರಗೆ ಸಡಿಲ ಮಿಟನ್. ಬೀಗ ತೆಗೆಯೋಕೆ ಮಿಟನ್ ಬಿಚ್ಚಿದರೂ ಚರ್ಮ ಗಾಳಿಗೆ ಬೀಳಲ್ಲ. ಮೈನಸ್ ಉಷ್ಣತೆಯಲ್ಲಿ ಕಬ್ಬಿಣದ ಕಂಬಿ, ಬೀಗ ಮುಟ್ಟಿದರೆ ಬರಿಗೈಯ ಬಿಸಿಯನ್ನು ಒಂದೇ ಕ್ಷಣಕ್ಕೆ ಎಳೆದುಕೊಳ್ಳತ್ತೆ. ಸೈಕಲ್ ಓಡಿಸುವವರಿಗೆ ಎರಡೆರಡು ಬೆರಳು ಒಟ್ಟಿಗೆ ಇರುವ "ಲಾಬ್‌ಸ್ಟರ್" ಮಾದರಿ ಸಿಗತ್ತೆ, ಬ್ರೇಕ್ ಹಿಡಿಯೋಕೆ ಅನುಕೂಲ.

ಲೇಬಲ್ ಓದಿ

"ಥಿನ್ಸುಲೇಟ್ 40 ಗ್ರಾಂ", "100 ಗ್ರಾಂ" ಅಂತ ಬರೆದಿರತ್ತೆ. ಥಿನ್ಸುಲೇಟ್ ನಮ್ಮ ಪಕ್ಕದ ಸೇಂಟ್ ಪಾಲ್ ಕಡೆಯ 3ಎಂ ಕಂಪನಿಯದೇ ಸರಕು. ಆ ಸಂಖ್ಯೆ ಡಿಗ್ರಿ ಅಲ್ಲ, ಗ್ಲೌಸಿನ ತೂಕವೂ ಅಲ್ಲ. ಒಂದು ಚದರ ಮೀಟರ್ ತುಂಬು ಎಷ್ಟು ಗ್ರಾಂ ತೂಗತ್ತೆ ಅನ್ನುವ ಲೆಕ್ಕ. ಒಂದೇ ಜಾತಿಯ ತುಂಬಿನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ದಪ್ಪ, ಬೆಚ್ಚಗೆ. ನಡೆದಾಡುವವರಿಗೆ 100 ಗ್ರಾಂ ಸುತ್ತಮುತ್ತ ಒಳ್ಳೆಯ ನಡುದಾರಿ. ಬಸ್‌ಸ್ಟಾಪಿನಲ್ಲಿ ಸುಮ್ಮನೆ ನಿಲ್ಲುವವರಿಗೆ ಅದಕ್ಕಿಂತ ಹೆಚ್ಚಿರಲಿ.

"ವಾಟರ್‌ಪ್ರೂಫ್" ಮತ್ತು "ವಾಟರ್ ರೆಸಿಸ್ಟೆಂಟ್" ಒಂದೇ ಅಲ್ಲ. ಮೊದಲನೆಯದಕ್ಕೆ ಸಾಮಾನ್ಯವಾಗಿ ಒಳಗೆ ಗೋರ್‌ಟೆಕ್ಸ್‌ನಂಥ ಪೊರೆ ಇರತ್ತೆ, ಬೆಲೆಯೂ ಏರತ್ತೆ. ಎರಡನೆಯದು ಸ್ವಲ್ಪ ಹೊತ್ತು ತಡೆಯತ್ತೆ ಅಷ್ಟೆ. ಒಂದು ಒಳಗುಟ್ಟು: ಮೈನಸ್ 15ರಲ್ಲಿ ಬೀಳುವ ಹಿಮ ಒಣ ಹಿಟ್ಟಿನ ಹಾಗೆ, ಕೊಡವಿದರೆ ಹೋಗತ್ತೆ. ಕೈ ಒದ್ದೆ ಮಾಡೋದು ಸೊನ್ನೆ ಡಿಗ್ರಿ ಆಚೀಚೆ ಬೀಳುವ ಹಸಿ ಹಿಮ. ಕಾರಿನ ಗಾಜು ಕೆರೆಯುವ, ಹಿಮ ಎತ್ತುವ ಕೆಲಸ ಇಲ್ಲದವರು ಪೊರೆಗಾಗಿ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಗಾಳಿ ನುಗ್ಗದ ಹೊರಪದರ ಮಾತ್ರ ಎಲ್ಲರಿಗೂ ಬೇಕೇ ಬೇಕು. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಊದಿ. ಉಸಿರು ಆಚೆ ದಾಟಿದರೆ ಸೇತುವೆಯ ಗಾಳಿಯೂ ಈಚೆ ದಾಟತ್ತೆ.

"ಟಚ್‌ಸ್ಕ್ರೀನ್" ಅಂದ್ರೆ ಬೆರಳ ತುದಿಯಲ್ಲಿ ವಿದ್ಯುತ್ ಹರಿಯುವ ದಾರ ಸೇರಿಸಿರ್ತಾರೆ. ಇದು ದಪ್ಪ ಗ್ಲೌಸಿನಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರಲ್ಲ. ಲೈನರ್‌ನಲ್ಲಿ ಇದ್ದರೆ ಸಾಕು.

ಅಳತೆ ತೆಗೆಯೋದು ಹೇಗೆ?

ಟೇಪ್ ಇಲ್ಲದಿದ್ದರೆ ಒಂದು ದಾರ, ಒಂದು ಸ್ಕೇಲ್ ಸಾಕು. ನೀವು ಬರೆಯುವ ಕೈಯ ಅಂಗೈ ಸುತ್ತ, ಹೆಬ್ಬೆರಳು ಬಿಟ್ಟು, ಬೆರಳ ಬುಡದ ಗೆಣ್ಣುಗಳ ಮೇಲೆ ದಾರ ಸುತ್ತಿ ಇಂಚಿನಲ್ಲಿ ಅಳೆಯಿರಿ. ಆಮೇಲೆ ನಡುಬೆರಳ ತುದಿಯಿಂದ ಅಂಗೈ ಬುಡದವರೆಗಿನ ಉದ್ದ. ಎರಡನ್ನೂ ಆ ಕಂಪನಿಯ ಸೈಜ್ ಚಾರ್ಟಿಗೆ ಹೋಲಿಸಿ, ಯಾಕೆಂದರೆ ಒಬ್ಬರ ಮೀಡಿಯಂ ಇನ್ನೊಬ್ಬರ ಸ್ಮಾಲ್. ಎರಡು ಸೈಜಿನ ನಡುವೆ ಬಂದರೆ ದೊಡ್ಡದನ್ನೇ ತಗೊಳ್ಳಿ. ಒಳಗೆ ಲೈನರ್ ಹಾಕುವ ಯೋಚನೆ ಇದ್ದರೆ ಲೈನರ್ ಹಾಕಿಕೊಂಡೇ ಹೊರಗಿನದನ್ನು ಹಾಕಿ ನೋಡಿ.

ಅಂಗಡಿಯಲ್ಲಿ ನಾಲ್ಕು ಪರೀಕ್ಷೆ. ಮುಷ್ಟಿ ಕಟ್ಟಿ: ಗೆಣ್ಣಿನ ಮೇಲೆ ಬಿಗಿ ಅನಿಸಬಾರದು. ಕೈ ನೀಟಾಗಿ ಚಾಚಿ: ಬೆರಳ ತುದಿಯಲ್ಲಿ ಅರ್ಧ ಸೆಂಟಿಮೀಟರಿನಷ್ಟು ಜಾಗ ಉಳಿಯಬೇಕು. ಕೈ ಕೆಳಗೆ ಬಿಟ್ಟು ಕೊಡವಿ: ಗ್ಲೌಸ್ ಕಳಚಿ ಬೀಳಬಾರದು. ಕೊನೆಗೆ ಜಾಕೆಟ್ ಹಾಕಿಕೊಂಡು ತೋಳು ಮೇಲೆತ್ತಿ: ಮಣಿಕಟ್ಟು ಕಾಣಬಾರದು. ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮದ ಹತ್ತಿರವೇ ಇರತ್ತೆ. ಅಲ್ಲಿ ಗಾಳಿ ತಾಗಿದರೆ ಬೆರಳಿಗೆ ಹೋಗುವ ರಕ್ತವೇ ತಣ್ಣಗಾಗತ್ತೆ.

ಕೈ ಸಣ್ಣದಿರುವವರಿಗೆ ಒಂದು ಲಾಭದ ಸುದ್ದಿ: ಮಕ್ಕಳ ವಿಭಾಗದ "ಯೂತ್ ಲಾರ್ಜ್" ನೋಡಿ. ಎಷ್ಟೋ ಸಲ ಸರಿಯಾಗಿ ಹೊಂದತ್ತೆ, ಬೆಲೆಯೂ ಕಡಿಮೆ.

ಹಾಸಿಗೆ ಇದ್ದಷ್ಟು ಕಾಲು ಚಾಚಿ

ಬೆಲೆಗಳು ಅಂಗಡಿಯಿಂದ ಅಂಗಡಿಗೆ ಬದಲಾಗತ್ತೆ, ಇದು ಅಂದಾಜು ಅಷ್ಟೆ.

20 ಡಾಲರ್ ಒಳಗೆ: ಗುಡ್‌ವಿಲ್‌ನಂಥ ಹಳೇ ಸಾಮಾನಿನ ಅಂಗಡಿಯಲ್ಲಿ ಗಾಳಿ ತಡೆಯುವ ಸಡಿಲ ಮಿಟನ್ ಹುಡುಕಿ, ಒಳಗೆ ಹೊಸ ಫ್ಲೀಸ್ ಲೈನರ್ ಹಾಕಿ. ಅಮ್ಮ ಕೊಟ್ಟ ಉಲ್ಲನ್ ಗ್ಲೌಸಿಗೆ ಕೆಲಸ ಸಿಗೋದೂ ಇಲ್ಲೇ. ಒಳಪದರವಾಗಿ ಅದು ಚೆನ್ನಾಗಿಯೇ ದುಡಿಯತ್ತೆ.

30ರಿಂದ 50 ಡಾಲರ್: ಹೆಚ್ಚಿನವರಿಗೆ ನಾನು ಹೇಳೋದು ಇದನ್ನೇ. ಸ್ಕೀ ಅಂಗಡಿ ಬಿಟ್ಟು, ರೈತರು, ಕಟ್ಟಡ ಕೆಲಸದವರು ಹೋಗುವ ಫ್ಲೀಟ್ ಫಾರ್ಮ್ ಥರದ ಅಂಗಡಿಗೆ ಹೋಗಿ. ಈ ಸೀಮೆಯವರು "ಚಾಪರ್" ಅನ್ನುವ ಮಿಟನ್ ಇದೆ: ಹೊರಗೆ ಚರ್ಮ, ಒಳಗೆ ಬಿಚ್ಚಿ ಒಣಗಿಸಬಹುದಾದ ಉಣ್ಣೆಯ ಪದರ. ದಿನವಿಡೀ ಹೊರಗೆ ದುಡಿಯುವವರು ಹಾಕುವಂಥದ್ದು, ನಮ್ಮ ಹದಿನೈದು ನಿಮಿಷದ ಬಸ್ ಕಾಯುವಿಕೆಗೆ ಧಾರಾಳವಾಗಿ ಸಾಕು. ಚರ್ಮ ಬೇಡದವರಿಗೆ ನೈಲಾನ್ ಹೊರಪದರದ ಮಿಟನ್‌ಗಳೂ ಇದೇ ಬೆಲೆಗೆ ಸಿಗತ್ತೆ.

100 ಡಾಲರ್ ಮೇಲೆ: ದಿನಾ ಸೈಕಲ್ ತುಳಿಯುವವರು, ಸ್ಕೀಯಿಂಗ್ ಮಾಡುವವರು, ಹೊರಗಡೆ ಗಂಟೆಗಟ್ಟಲೆ ಫೀಲ್ಡ್‌ವರ್ಕ್ ಇರುವವರು ಮಾತ್ರ ಯೋಚಿಸಿ.

ನವೆಂಬರ್‌ನಿಂದ ಮಾರ್ಚ್‌ವರೆಗೆ, ಎರಡು ವರ್ಷದ ಎಂಎಸ್‌ಗೆ ಸುಮಾರು 300 ದಿನ. 40 ಡಾಲರಿನ ಜೊತೆ ದಿನಕ್ಕೆ 13 ಸೆಂಟ್ ಬೀಳತ್ತೆ. ಕಾಫಿಗಿಂತ ಅಗ್ಗ. ಮಿನೆಸೋಟದಲ್ಲಿ ಸಾಮಾನ್ಯ ಉಡುಪಿಗೆ ಮಾರಾಟ ತೆರಿಗೆಯೂ ಇಲ್ಲ. ಸೀನಿಯರ್ ಆದವರು ಮುಂದಿನ ವರ್ಷಕ್ಕೆ ಫೆಬ್ರವರಿ, ಮಾರ್ಚ್‌ನ ರಿಯಾಯಿತಿಯಲ್ಲಿ ಕೊಳ್ಳಿ. ಹೊಸಬರು ಮಾತ್ರ ರಿಯಾಯಿತಿಗೆ ಕಾಯದೆ ಅಕ್ಟೋಬರ್ ಮುಗಿಯುವ ಮೊದಲೇ ಕೊಂಡುಬಿಡಿ.

ಹ್ಯಾಂಡ್‌ವಾರ್ಮರ್ ಮತ್ತು ಒಣಗಿಸುವಿಕೆ

ಒಂದೆರಡು ಡಾಲರಿಗೆ ಸಿಗುವ ಹ್ಯಾಂಡ್‌ವಾರ್ಮರ್ ಪೊಟ್ಟಣದಲ್ಲಿ ಇರೋದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು. ಗಾಳಿ ತಾಗಿದ ಕೂಡಲೇ ಕಬ್ಬಿಣ ತುಕ್ಕು ಹಿಡಿಯತೊಡಗಿ ಬಿಸಿ ಕೊಡತ್ತೆ. ಕ್ಲಾಸಿಗೆ ಬಂದ ಮೇಲೆ ಗಾಳಿಯಾಡದ ಜಿಪ್‌ಲಾಕ್ ಚೀಲಕ್ಕೆ ಹಾಕಿಟ್ಟರೆ ಕ್ರಿಯೆ ನಿಧಾನವಾಗಿ ನಿಲ್ಲತ್ತೆ, ಸಂಜೆ ಮತ್ತೆ ತೆಗೆದು ಬಳಸಬಹುದು. ನೇರ ಚರ್ಮಕ್ಕೆ ಒತ್ತಿ ಇಡಬೇಡಿ, ಸುಡಬಹುದು.

ಮನೆಗೆ ಬಂದ ತಕ್ಷಣ ಲೈನರ್ ಹೊರಗೆಳೆದು ತೆರೆದ ಜಾಗದಲ್ಲಿ ಒಣಹಾಕಿ. ಚರ್ಮದ್ದನ್ನು ಹೀಟರ್ ಮೇಲೆ ಇಟ್ಟರೆ ಸೆಟೆದು ಬಿರುಕು ಬಿಡತ್ತೆ. ನಿನ್ನೆಯ ಬೆವರಿನ ತೇವ ಇಂದಿನ ಚಳಿ, ಇಷ್ಟು ನೆನಪಿರಲಿ.

ಇದನ್ನು ಮಾತ್ರ ಮರೆಯಬೇಡಿ

ಬೆರಳು ನೋಯುತ್ತಿದ್ದರೆ ಒಳಗೆ ಹೋಗಿ ಅಂತ ಸೂಚನೆ. ನೋವು ನಿಂತು ಸ್ಪರ್ಶವೇ ಗೊತ್ತಾಗದಿದ್ದರೆ ಅದು ಆರಾಮ ಅಲ್ಲ, ಅಪಾಯ. ಫ್ರಾಸ್ಟ್‌ಬೈಟ್ ಆದರೆ ಚರ್ಮ ಬೆಳ್ಳಗಾಗತ್ತೆ ಅಂತ ಎಲ್ಲ ಕಡೆ ಓದ್ತೀರಿ. ನಮ್ಮ ಕಂದು ಚರ್ಮದಲ್ಲಿ ಅದು ಬೂದು ಬಣ್ಣ, ಕಳೆಗುಂದಿದ ಮೇಣದ ಹಾಗೆ ಕಾಣಬಹುದು. ಅದಕ್ಕೇ ಬಣ್ಣ ನೋಡಿಕೊಂಡು ಕೂರಬೇಡಿ, ಜೋಮು ಹಿಡಿಯಿತಾ, ಗಟ್ಟಿಯಾಯಿತಾ ನೋಡಿ.

ಹಾಗಾದರೆ ಉಜ್ಜಬೇಡಿ, ಹಿಮ ತಿಕ್ಕಬೇಡಿ, ಒಲೆ ಮೇಲೆ ಕೈ ಹಿಡಿಯಬೇಡಿ. ಮರಗಟ್ಟಿದ ಕೈಗೆ ಸುಡುವುದೂ ತಿಳಿಯಲ್ಲ. ಉಂಗುರ ತೆಗೆದು, ಸುಮಾರು 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಡಿ. ನೀರಿನ ಬಿಸಿಯನ್ನು ಮರಗಟ್ಟದ ಬೇರೆಯವರ ಕೈಯಿಂದ ನೋಡಿಸಿ. ಬೊಬ್ಬೆ ಬಂದರೆ, ಗಟ್ಟಿಯಾಗಿಯೇ ಉಳಿದರೆ, ಸ್ಪರ್ಶ ಮರಳದಿದ್ದರೆ ಬೆಳಗಾಗಲಿ ಅಂತ ಕಾಯದೆ ವೈದ್ಯರ ಹತ್ತಿರ ಹೋಗಿ. ಇನ್ಶೂರೆನ್ಸ್ ಕಟ್ಟಿರೋದು ಇದಕ್ಕೇ.

ಮೇ ತಿಂಗಳಲ್ಲಿ ಪದವಿ ಮುಗಿಸಿ ಬಿಸಿಲ ಊರಿಗೆ ಕೆಲಸಕ್ಕೆ ಹೊರಡುವವರಲ್ಲಿ ಒಂದು ವಿನಂತಿ. ಒಗೆದು ಒಣಗಿಸಿದ ನಿಮ್ಮ ಗ್ಲೌಸನ್ನು ಕಸಕ್ಕೆ ಹಾಕಬೇಡಿ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಸೈಜ್ ಬರೆದು ಒಂದು ಫೋಟೋ ಹಾಕಿ. ಆಗಸ್ಟ್‌ನಲ್ಲಿ ಬರುವ ಯಾರೋ ತಮ್ಮನಿಗೋ ತಂಗಿಗೋ ಮೊದಲ ಸಂಬಳದ ಮುಂಚೆ ಬರುವ ಚಳಿಗೆ ಅದು ಆಗಿಬರತ್ತೆ.