‘ಸರ್ವರ್ ಇಲ್ಲ’ ಎನ್ನುವ ಮುನ್ನ: ಅಂತರ್ಜಾಲ ಸಂಪರ್ಕದ ದೋಷ ಪತ್ತೆ ಹಚ್ಚುವ ವಿಧಾನ

ಗ್ರಾಮ ಪಂಚಾಯಿತಿ ಕಚೇರಿಗೆ ಬರುವ ಸಾರ್ವಜನಿಕರ ಕಿವಿಗೆ ಮೇಲಿಂದ ಮೇಲೆ ಬೀಳುವ ಮಾತು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದು. ಇ-ಸ್ವತ್ತು ನಮೂನೆ 9ರ ಪ್ರತಿಗಾಗಿ ಕೂಲಿ ಬಿಟ್ಟು ಬಂದವರಿಗೆ ಆ ‘ನಾಳೆ’ ಎಂದರೆ ಮತ್ತೊಂದು ದಿನದ ಕೂಲಿ ನಷ್ಟ. ಸರ್ವರ್ ಸ್ಥಗಿತಗೊಳ್ಳುವುದು ಉಂಟು, ಅದನ್ನು ಅಲ್ಲಗಳೆಯಲಾಗದು. ಆದರೆ ಎಷ್ಟೋ ಸಂದರ್ಭಗಳಲ್ಲಿ ದೂರದ ಸರ್ವರ್ ಸುಸ್ಥಿತಿಯಲ್ಲಿದ್ದು, ಕಚೇರಿಯ ಮೇಜಿನ ಕೆಳಗಿನ ತಂತಿ ಕಳಚಿರುತ್ತದೆ. ಇವೆರಡರ ವ್ಯತ್ಯಾಸವನ್ನು ಹತ್ತು ನಿಮಿಷಗಳಲ್ಲಿ ಗುರುತಿಸಲು ಡಾಟಾ ಎಂಟ್ರಿ ಆಪರೇಟರ್ ಮತ್ತು ಕಾರ್ಯದರ್ಶಿಗಳಿಗೆ ಸಾಧ್ಯವಾಗಬೇಕು.

ಭಾರತ್‌ನೆಟ್ ಸಂಪರ್ಕವು ಬೆಳಕಿನ ರೂಪದಲ್ಲಿ ಗಾಜಿನ ಎಳೆಯ ಮೂಲಕ ಕಚೇರಿಗೆ ಬರುತ್ತದೆ. ಗೋಡೆಯ ಪೆಟ್ಟಿಗೆಯಲ್ಲಿರುವ ಓಎನ್‌ಟಿ ಎಂಬ ಉಪಕರಣವು ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಅಲ್ಲಿಂದ ರೂಟರ್‌ಗೆ, ರೂಟರ್‌ನಿಂದ ಗಣಕಯಂತ್ರಗಳಿಗೆ ಸಂಪರ್ಕ ಹಂಚಿಕೆಯಾಗುತ್ತದೆ. ನೀರು ಬಾರದ ಮನೆಯಿಂದ ದೂರು ಬಂದಾಗ ವಾಟರ್‌ಮನ್ ಹೇಗೆ ನಲ್ಲಿ, ವಾಲ್ವ್, ಓವರ್‌ಹೆಡ್ ಟ್ಯಾಂಕ್ ಎಂದು ಒಂದೊಂದನ್ನೇ ನೋಡುತ್ತ ಹೋಗುವನೋ ಇಲ್ಲಿಯೂ ಹಾಗೆಯೇ ಭಾಗ ಭಾಗವಾಗಿ ಪರಿಶೀಲಿಸಬೇಕು. ಎಲ್ಲವನ್ನೂ ಒಮ್ಮೆಲೇ ಕೀಳುವುದು, ಜೋಡಿಸುವುದು ಸಲ್ಲದು.

ಮೊದಲು ಓಎನ್‌ಟಿಯ ದೀಪಗಳನ್ನು ನೋಡಬೇಕು. ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ ಎಂಬುದೇ ತಿಳಿಯದ ಕಚೇರಿಗಳೂ ಇರುವುದರಿಂದ, ಕೀಲಿಯನ್ನು ಕಚೇರಿಯಲ್ಲೇ ಇರಿಸತಕ್ಕದ್ದು. ‘ಪಾನ್’ ಎಂಬ ದೀಪ ಸ್ಥಿರವಾಗಿ ಹಸಿರಾಗಿದ್ದರೆ ಬೆಳಕಿನ ಸಂಪರ್ಕ ಸರಿಯಿದೆ ಎಂದರ್ಥ. ‘ಲಾಸ್’ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಉಪಕರಣವನ್ನು ತಲುಪುತ್ತಿಲ್ಲ: ರಸ್ತೆ ಅಗೆತದಲ್ಲಿ ಕೇಬಲ್ ತುಂಡಾಗಿರಬಹುದು, ಒಳಗಿನ ಹಳದಿ ತಂತಿ ಮಡಚಿಕೊಂಡಿರಬಹುದು ಅಥವಾ ಇಲಿ ಕಡಿದಿರಬಹುದು. ಈ ತಂತಿಯನ್ನು ತೀರಾ ಸಣ್ಣ ಸುರುಳಿಯಾಗಿ ಬಗ್ಗಿಸಿದರೆ ತುಂಡಾಗದಿದ್ದರೂ ಬೆಳಕು ಸೋರಿಹೋಗುತ್ತದೆ. ಕಪಾಟಿನ ಬಾಗಿಲಿಗೆ ಸಿಕ್ಕಿಕೊಂಡಿದ್ದರೆ ಬಿಡಿಸಿದರೆ ಸಾಕು. ತುದಿಯನ್ನು ಬಿಚ್ಚಿ ಬೆರಳಿನಿಂದ ಒರೆಸಬಾರದು. ಬೆಳಕು ಹಾಯುವ ಗಾಜಿನ ತಿರುಳು ಕೂದಲಿಗಿಂತ ಬಹಳ ತೆಳುವಾದುದರಿಂದ ಧೂಳಿನ ಒಂದು ಕಣವೂ ಅಡ್ಡಿಯಾಗುತ್ತದೆ. ಆ ಬೆಳಕು ಕಣ್ಣಿಗೆ ಕಾಣದಿದ್ದರೂ ದೃಷ್ಟಿಗೆ ಅಪಾಯಕಾರಿ. ತುದಿಯೊಳಗೆ ಇಣುಕಿ ನೋಡಕೂಡದು. ಕೆಂಪು ದೀಪ ಹೋಗದಿದ್ದರೆ ದೂರು ದಾಖಲಿಸುವುದೊಂದೇ ದಾರಿ.

ಪಾನ್ ದೀಪ ಸರಿಯಿದ್ದೂ ಅಂತರ್ಜಾಲ ಇಲ್ಲದಿದ್ದರೆ ಉಪಕರಣಗಳನ್ನು ಕ್ರಮವಾಗಿ ಮರುಚಾಲನೆ ಮಾಡಬೇಕು. ಓಎನ್‌ಟಿ ಮತ್ತು ರೂಟರ್ ಎರಡನ್ನೂ ಆರಿಸಿ, ಅರ್ಧ ನಿಮಿಷ ಬಿಟ್ಟು, ಮೊದಲು ಓಎನ್‌ಟಿಯನ್ನು ಮಾತ್ರ ಹಚ್ಚಬೇಕು. ಪಾನ್ ದೀಪ ಸ್ಥಿರವಾದ ಬಳಿಕ ರೂಟರ್ ಹಚ್ಚಬೇಕು. ಓಎನ್‌ಟಿಗೆ ಪ್ರತ್ಯೇಕ ಬ್ಯಾಟರಿ ಇದ್ದಲ್ಲಿ ಗೋಡೆಯ ಸ್ವಿಚ್ ಆರಿಸಿದರೂ ಅದು ಆರುವುದಿಲ್ಲ. ಉಪಕರಣದ ಸ್ವಿಚ್ಚನ್ನೇ ಬಳಸಬೇಕು.

ಮರುಚಾಲನೆ ಬೇರೆ, ರೀಸೆಟ್ ಬೇರೆ. ರೂಟರ್‌ನ ಹಿಂಬದಿಯ ಸಣ್ಣ ರಂಧ್ರಕ್ಕೆ ಗುಂಡುಸೂಜಿ ಚುಚ್ಚಿ ಹತ್ತು ಸೆಕೆಂಡು ಒತ್ತಿದರೆ ಅದರಲ್ಲಿದ್ದ ಬಳಕೆದಾರ ಹೆಸರು, ಪಾಸ್‌ವರ್ಡ್ ಸಹಿತ ಎಲ್ಲ ಹೊಂದಾಣಿಕೆಗಳೂ ಅಳಿಸಿಹೋಗುತ್ತವೆ. ಒಂದು ಗ್ರಾಮ ಪಂಚಾಯಿತಿಯಲ್ಲಿ ಉತ್ಸಾಹಿ ತರುಣನೊಬ್ಬ ಯಾವುದೋ ವಿಡಿಯೊ ನೋಡಿ ಹೀಗೆ ಮಾಡಿದ. ಮೂಲದೋಷ ಸಡಿಲವಾದ ಒಂದು ಪ್ಲಗ್ ಮಾತ್ರವಾಗಿತ್ತು. ಬಳಕೆದಾರ ಹೆಸರನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲವಾದ್ದರಿಂದ ತಂತ್ರಜ್ಞರು ಬರುವವರೆಗೆ ಮೂರು ದಿನ ಕೆಲಸ ನಿಂತಿತು. ಮಗನ ಬ್ಯಾಂಕ್ ಸಾಲಕ್ಕಾಗಿ ನಮೂನೆ 9 ಕೇಳಿಕೊಂಡು ಬಂದಿದ್ದ ವೃದ್ಧೆಯೊಬ್ಬರು ಆ ಮೂರೂ ದಿನ ಬಸ್ಸಿನಲ್ಲಿ ಬಂದು ಬರಿಗೈಲಿ ಹಿಂತಿರುಗಿದರು. ಬಳಕೆದಾರ ಹೆಸರು, ಪಾಸ್‌ವರ್ಡ್ ಹಾಗೂ ಉಪಕರಣದ ಕ್ರಮಸಂಖ್ಯೆಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕಾರ್ಯದರ್ಶಿಗಳ ವಶದಲ್ಲಿ ಇಡುವುದು ಇಂತಹ ಪ್ರಸಂಗಕ್ಕೆ ಪರಿಹಾರ.

ಮುಂದಿನ ಹಂತ ಪಿಂಗ್ ಪರೀಕ್ಷೆ. ಗಣಕಯಂತ್ರದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಎಂದು ಬರೆದು ರೂಟರ್‌ನ ವಿಳಾಸ (ಸಾಮಾನ್ಯವಾಗಿ 192.168.1.1) ನೀಡಬೇಕು. ಉತ್ತರ ಬಾರದಿದ್ದರೆ ದೋಷ ಕಚೇರಿಯ ಒಳಗೇ ಇದೆ: ತಂತಿಯನ್ನು ಬದಲಿಸಿ ನೋಡಬೇಕು. ಗಣಕಯಂತ್ರದ ಸ್ವಂತ ವಿಳಾಸ 169.254 ಎಂದು ಆರಂಭವಾಗಿದ್ದರೆ ಅದಕ್ಕೆ ರೂಟರ್‌ನಿಂದ ವಿಳಾಸವೇ ದೊರೆತಿಲ್ಲ. ರೂಟರ್ ಉತ್ತರಿಸಿದರೆ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಬೇಕು. ಅಲ್ಲಿಂದಲೂ ಉತ್ತರ ಬಂದು ಯಾವ ಜಾಲತಾಣವೂ ತೆರೆಯದಿದ್ದರೆ, ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ತೊಡಕಿದೆ. ಇತರ ಜಾಲತಾಣಗಳು ತೆರೆದು ಇ-ಸ್ವತ್ತು ಮಾತ್ರ ತೆರೆಯದಿದ್ದರೆ, ಮೊಬೈಲ್ ಡಾಟಾದಲ್ಲೂ ಒಮ್ಮೆ ನೋಡಬೇಕು. ಅಲ್ಲಿಯೂ ತೆರೆಯದಿದ್ದಾಗ ‘ಸರ್ವರ್ ಇಲ್ಲ’ ಎಂಬ ಮಾತಿಗೆ ಆಧಾರ ದೊರೆಯುತ್ತದೆ.

ಸುಲಭವಾಗಿ ಕಣ್ಣು ತಪ್ಪುವ ಎರಡು ದೋಷಗಳಿವೆ. ಹಳೆಯ ಗಣಕಯಂತ್ರದ ಒಳಗಿನ ಗುಂಡಿಯಾಕಾರದ ಬ್ಯಾಟರಿ ಮುಗಿದಿದ್ದರೆ, ವಿದ್ಯುತ್ ಹೋಗಿಬಂದ ಕೂಡಲೇ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿಯುತ್ತದೆ. ಸುರಕ್ಷಿತ ಜಾಲತಾಣಗಳು ದಿನಾಂಕವನ್ನು ಆಧರಿಸಿ ಪ್ರಮಾಣಪತ್ರ ಪರೀಕ್ಷಿಸುವುದರಿಂದ ಎಲ್ಲೆಡೆ ಎಚ್ಚರಿಕೆಯ ಸಂದೇಶ ಬರುತ್ತದೆ. ರೂಟರ್‌ನಲ್ಲಿ ಯಾವ ದೋಷವೂ ಇರುವುದಿಲ್ಲ. ದಿನಾಂಕ ಸರಿಪಡಿಸಿ ಬ್ಯಾಟರಿ ಬದಲಿಸಿದರೆ ಮುಗಿಯಿತು. ಇನ್ನೊಂದು, ಹೊಸ ರೂಟರ್ ಖರೀದಿಸಿದಾಗ ಆಗುವ ತೊಡಕು. ವಿಳಾಸ ಹಂಚುವ ಓಎನ್‌ಟಿ ಮತ್ತು ಹೊಸ ರೂಟರ್ ಎರಡೂ 192.168.1.1 ಎಂಬ ಒಂದೇ ವಿಳಾಸ ಹೊಂದಿದ್ದರೆ ಮಾಹಿತಿಗೆ ದಾರಿ ತಪ್ಪುತ್ತದೆ. ರೂಟರ್‌ನ ವಿಳಾಸವನ್ನು 192.168.2.1 ಎಂದು ಬದಲಿಸಬೇಕು.

ಸಿಬ್ಬಂದಿಯ ಮನೆಗಳಲ್ಲಿ ಕೇಬಲ್ ಟಿವಿ ತಂತಿಯ ಮೂಲಕ ಮೋಡೆಮ್ ಸಂಪರ್ಕವಿದ್ದರೂ ಇದೇ ಕ್ರಮ ಅನ್ವಯಿಸುತ್ತದೆ. ಅಲ್ಲಿ ಪಾನ್ ಬದಲು ‘ಆನ್‌ಲೈನ್’ ದೀಪ ನೋಡಬೇಕು, ತಿರುಪಿನ ಕನೆಕ್ಟರ್ ಬಿಗಿಗೊಳಿಸಬೇಕು. ಟಿವಿಗೆಂದು ಸ್ಪ್ಲಿಟರ್ ಸೇರಿಸಿದಷ್ಟೂ ಮೋಡೆಮ್‌ಗೆ ಸಂಕೇತ ಕುಗ್ಗುತ್ತದೆ.

ದೂರು ದಾಖಲಿಸುವಾಗ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ತಂತ್ರಜ್ಞರು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಸಂಪರ್ಕ ನಿಂತ ಸಮಯ, ಯಾವ ದೀಪ ಯಾವ ಬಣ್ಣದಲ್ಲಿದೆ, ಯಾವ ಹಂತದವರೆಗೆ ಪಿಂಗ್ ಉತ್ತರ ಬಂದಿದೆ ಎಂಬುದನ್ನು ತಿಳಿಸಿ, ದೂರು ಸಂಖ್ಯೆಯೊಡನೆ ವಹಿಯಲ್ಲಿ ನಮೂದಿಸತಕ್ಕದ್ದು. ಅಂದು ಹಿಂತಿರುಗಿದ ಅರ್ಜಿದಾರರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನೂ ಅದೇ ಪುಟದಲ್ಲಿ ಬರೆದುಕೊಂಡು, ಸಂಪರ್ಕ ಮರಳಿದ ಕೂಡಲೇ ಅವರಿಗೆ ಕರೆ ಮಾಡತಕ್ಕದ್ದು.